ಜೀನು ದೊರೆತ ಮೇಲೆ: ಒಂದು ಶ್ವಾಸಕೋಶವ್ಯಾಧಿಯ ಚಿಕಿತ್ಸೆಯ ಇತಿಹಾಸ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ರೋಗದ ಮೂಲಕಾರಣ ತಿಳಿದುಬಂದ ವರ್ಷವನ್ನೇ ಯುಗಸಂಧಿಯೆಂದು ಗಣಿಸುವುದುಂಟು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ವ್ಯಾಧಿಯ ವಿಷಯದಲ್ಲಿ ಈ ಗೌರವ 1989ನೆಯ ಇಸವಿಗೆ ಸಲ್ಲುತ್ತ ಬಂದಿದೆ. ಆ ವರ್ಷ ದೋಷಯುಕ್ತ ಜೀನು ಪತ್ತೆಯಾಯಿತೇನೋ ನಿಜ. ಆದರೆ ಜೀನನ್ನೇ ಸರಿಪಡಿಸುವ ಚಿಕಿತ್ಸೆ ಈ ವ್ಯಾಧಿಗೆ ಇನ್ನೂ ಅಂಗೀಕೃತವಾಗಿಲ್ಲ. ಈ ದೀರ್ಘ ಅಂತರಕ್ಕೆ ಕಾರಣವೇನು? ಯಾವ ಜೀನನ್ನು ಕೊಡಬೇಕೆಂಬುದು ಗೊತ್ತಾದರೂ ಅದನ್ನು ಯಾವ ಜೀವಕೋಶಕ್ಕೆ ಕೊಡಬೇಕೆಂಬ ಪ್ರಶ್ನೆಗೆ ಬಹುಕಾಲ ತಕ್ಕಷ್ಟು ಗಮನ ದೊರೆಯಲಿಲ್ಲವೆಂಬುದೇ ಪ್ರಸ್ತುತ ಲೇಖಕನ ಅಭಿಪ್ರಾಯ.

ಈ ವ್ಯಾಧಿಯನ್ನು 1938ರಲ್ಲಿ ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದವರು ನ್ಯೂಯಾರ್ಕಿನ ಡೊರೊತಿ ಆಂಡರ್ಸನ್. ಆಕೆಯ ದೃಷ್ಟಿ ಮುಖ್ಯವಾಗಿ ಮೇದೋಜೀರಕ ಗ್ರಂಥಿಯ ಮೇಲಿತ್ತು. 1948ರ ಬೇಸಗೆಯಲ್ಲಿ ಅದೇ ನಗರದಲ್ಲಿ ಬಿಸಿಲಿನ ಝಳ ಅತಿಯಾದಾಗ ಈ ರೋಗವುಳ್ಳ ಮಕ್ಕಳೇ ಹೆಚ್ಚಾಗಿ ಬಳಲಿ ಬೀಳುವುದನ್ನು ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರು ಗಮನಿಸಿದರು. ಈ ಮಕ್ಕಳ ಬೆವರಿನಲ್ಲಿ ಉಪ್ಪು ಮಿತಿಮೀರಿದೆಯೆಂದು 1953ರಲ್ಲಿ ಪ್ರಕಟಿಸಿದರು. ಮುತ್ತಿಟ್ಟರೆ ಉಪ್ಪುಪ್ಪಾಗುವ ಮಗು ಬಹುಕಾಲ ಬದುಕದೆಂಬ ನಂಬಿಕೆ ಯೂರೋಪಿನ ಜನಪದದಲ್ಲಿ ಹಿಂದಿನಿಂದಲೂ ಇತ್ತು. ತಾಯಂದಿರು ಬಲ್ಲ ಸಂಗತಿ ಪ್ರಯೋಗಶಾಲೆಯನ್ನು ತಲಪುವುದಕ್ಕೆ ಶತಮಾನಗಳೇ ಹಿಡಿದವು.

1989ರಲ್ಲಿ ಟೊರಾಂಟೋದ ಲ್ಯಾಪ್-ಚೀ ಸೂಯಿ ಮತ್ತು ಜಾನ್ ರಿಯೊರ್ಡನ್, ಮಿಷಿಗನ್ನಿನ ಫ್ರಾನ್ಸಿಸ್ ಕಾಲಿನ್ಸ್ ಇವರ ತಂಡಗಳು ಜೀನನ್ನು ಕಂಡುಹಿಡಿದವು. ಅದರಿಂದ ನಿರ್ಮಿತವಾಗುವ ಪ್ರೋಟೀನಿನಲ್ಲಿ 1480 ಅಮೈನೋ ಆಮ್ಲಗಳಿವೆ. ಬಹುಪಾಲು ರೋಗಿಗಳಲ್ಲಿ 508ನೆಯದೊಂದು ಲೋಪವಾಗಿರುತ್ತದೆ. ಈ ಪ್ರೋಟೀನು ಜೀವಕೋಶದ ಪೊರೆಯಲ್ಲಿ ಕ್ಲೋರೈಡಿಗೆ ಬಾಗಿಲಿದ್ದಂತೆ. ಬಾಗಿಲು ಕೆಟ್ಟರೆ ಶ್ವಾಸನಾಳದ ಒಳಮೈ ಒಣಗಿ ಕಫ ಅಂಟಾಗುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾಗಳು ನೆಲೆಸಿ ಕ್ರಮೇಣ ಶ್ವಾಸಕೋಶವನ್ನೇ ಹಾಳುಮಾಡುತ್ತವೆ.

ಮರುವರ್ಷವೇ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಿಗೆ ಸರಿಯಾದ ಜೀನನ್ನು ಸೇರಿಸಿ ದೋಷವನ್ನು ನಿವಾರಿಸಲಾಯಿತು. ಇನ್ನೇನು ಗೆದ್ದಂತೆಯೇ ಎಂಬ ಉತ್ಸಾಹ ಆಗ ಹಬ್ಬಿದುದು ಸಹಜ. 1993ರಲ್ಲಿ ಅಮೆರಿಕೆಯ ರೊನಾಲ್ಡ್ ಕ್ರಿಸ್ಟಲ್ ಅವರ ತಂಡ ನೆಗಡಿಯ ಅಡೆನೊವೈರಸ್ಸನ್ನು ವಾಹಕವಾಗಿಸಿ ಜೀನನ್ನು ರೋಗಿಗಳಿಗೆ ಕೊಟ್ಟಿತು. ಇಂಥ ಪ್ರಯೋಗಗಳ ಫಲ ಅಲ್ಪಕಾಲದ್ದಾಗಿತ್ತು. ಮತ್ತೆ ಮತ್ತೆ ಕೊಟ್ಟರೆ ದೇಹವೇ ವೈರಸ್ಸನ್ನು ಎದುರಿಸಿ ನಿಲ್ಲುತ್ತಿತ್ತು. 1999ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬೇರೊಂದು ವ್ಯಾಧಿಗಾಗಿ ಇದೇ ಜಾತಿಯ ವೈರಸ್ಸನ್ನು ಪಡೆದ 18 ವರ್ಷದ ತರುಣನೊಬ್ಬ ಮೃತನಾದ ಮೇಲೆ ಈ ಕ್ಷೇತ್ರಕ್ಕೇ ಮಂಕು ಕವಿಯಿತು. ಬ್ರಿಟನ್ನಿನ ವಿಜ್ಞಾನಿಗಳು ವೈರಸ್ಸನ್ನು ಬಿಟ್ಟು, ಕೊಬ್ಬಿನ ಕಣಗಳಲ್ಲಿ ಜೀನನ್ನು ಅಡಗಿಸಿ, ತಿಂಗಳಿಗೊಮ್ಮೆಯಂತೆ ಒಂದು ವರ್ಷ ಉಸಿರಿನ ಮೂಲಕ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶ: ಹುಸಿ ಔಷಧ ಪಡೆದವರಿಗೂ ಇವರಿಗೂ ಉಸಿರಿನ ಅಳತೆಯಲ್ಲಿ ಶೇಕಡಾ 3.7ರಷ್ಟು ವ್ಯತ್ಯಾಸ.

ಇಷ್ಟು ಶ್ರಮಕ್ಕೆ ಇಷ್ಟೇ ಫಲವೇಕೆ? ಶ್ವಾಸನಾಳದ ಮೇಲ್ಪದರದ ಕೋಶಗಳು ಶಾಶ್ವತವಲ್ಲ. ಅವು ಸವೆದು ಉದುರುತ್ತವೆ, ಹೊಸವು ಹುಟ್ಟುತ್ತವೆ. ಉದುರುವ ಕೋಶದೊಡನೆ ಕೊಟ್ಟ ಜೀನೂ ಹೋಗುತ್ತದೆ. ಬೇರನ್ನು ಬಿಟ್ಟು ಎಲೆಗೆ ನೀರು ಚಿಮುಕಿಸಿದಂತಾಯಿತು. ಬೇರೆಂದರೆ ಇಲ್ಲಿ ಸ್ಟೆಮ್ ಸೆಲ್ ಎನಿಸಿಕೊಳ್ಳುವ ಆಕರಕೋಶ. ಅದನ್ನು ಹುಡುಕುವಾಗಲೂ ದಾರಿ ತಪ್ಪಿದುದುಂಟು. ಮೂಳೆಯ ಮಜ್ಜೆಯ ಆಕರಕೋಶಗಳಿಂದ ರಕ್ತರೋಗಗಳು ಗುಣವಾಗುತ್ತಿದ್ದುದರಿಂದ, ಅವೇ ಶ್ವಾಸಕೋಶವನ್ನೂ ಕಟ್ಟಬಲ್ಲವೆಂಬ ವಾದ 2001ರಲ್ಲಿ ಇಲಿಗಳ ಆಧಾರದ ಮೇಲೆ ಹುಟ್ಟಿ, ಅನ್ಯರ ಪರೀಕ್ಷೆಯಲ್ಲಿ ನಿಲ್ಲದೆ ಹೋಯಿತು. ನಿಜವಾದ ಆಕರ ಶ್ವಾಸನಾಳದ ತಳದಲ್ಲಿಯೇ ಇತ್ತು. ತಳಕೋಶಗಳೇ ಮೇಲ್ಪದರವನ್ನು ಮತ್ತೆ ಮತ್ತೆ ಹುಟ್ಟಿಸುತ್ತವೆಂದು ಬ್ರಿಜಿಡ್ ಹೋಗನ್ ಮತ್ತು ಸಂಗಡಿಗರು 2009ರಲ್ಲಿ ಸ್ಪಷ್ಟಪಡಿಸಿದರು. ನಮ್ಮ ಎಣಿಕೆಯಲ್ಲಿ 1989ಕ್ಕೆ ಸರಿಗಟ್ಟುವ ವರ್ಷವಿದು. 2018ರಲ್ಲಿ ಎರಡು ತಂಡಗಳು ನೂರಕ್ಕೊಂದರಷ್ಟೂ ಇಲ್ಲದ ಅಯನೊಸೈಟ್ ಎಂಬ ಕೋಶಗಳಲ್ಲಿ ಈ ಜೀನು ಅತ್ಯಧಿಕವಾಗಿ ಕೆಲಸಮಾಡುವುದೆಂದವು; ಆಮೇಲಿನವರು ಸ್ರಾವಕೋಶಗಳ ಪಾಲೇ ಹಿರಿದೆಂದರು. ಎರಡೂ ತಳಕೋಶದ ಸಂತಾನವೇ ಆದುದರಿಂದ ಚಿಕಿತ್ಸೆಯ ದೃಷ್ಟಿಯಿಂದ ಈ ವಿವಾದ ಅಷ್ಟು ಮುಖ್ಯವಲ್ಲ.

ಈ ನಡುವೆ 2012ರಿಂದ ಈಚೆಗೆ, ಅದರಲ್ಲಿಯೂ 2019ರ ತ್ರಿವಳಿ ಔಷಧದಿಂದ, ಕೆಟ್ಟ ಪ್ರೋಟೀನನ್ನೇ ತಿದ್ದುವ ಮಾತ್ರೆಗಳು ಸಹಸ್ರಾರು ರೋಗಿಗಳ ಆಯುಸ್ಸನ್ನು ಹೆಚ್ಚಿಸಿವೆ. ಆದರೆ ಪ್ರೋಟೀನೇ ಹುಟ್ಟದವರಲ್ಲಿ ತಿದ್ದುವುದೇನನ್ನು? ಪಾಶ್ಚಾತ್ಯ ದೇಶಗಳಲ್ಲಿ ಹತ್ತರಲ್ಲೊಬ್ಬ ರೋಗಿ ಹೀಗೆ ಹೊರಗುಳಿದಿದ್ದಾನೆ. ಭಾರತೀಯ ಮೂಲದವರಲ್ಲಿ 508ರ ಲೋಪ ಅಷ್ಟು ಸಾಮಾನ್ಯವಲ್ಲದುದರಿಂದ ಹೊರಗುಳಿಯುವವರ ಪಾಲು ಇನ್ನೂ ಹೆಚ್ಚು. ಜೀನುಚಿಕಿತ್ಸೆಯ ಅಗತ್ಯ ಇವರಿಗಾಗಿಯೇ ಉಳಿದಿದೆ.

2020ರಲ್ಲಿ ಸ್ಟಾನ್‌ಫರ್ಡಿನ ಸಂಶೋಧಕರು ರೋಗಿಗಳ ತಳಕೋಶಗಳನ್ನು ಹೊರತೆಗೆದು ಕ್ರಿಸ್ಪರ್ ವಿಧಾನದಿಂದ ತಿದ್ದಿದರು. ತಿದ್ದಿದ್ದನ್ನು ಹಿಂದಿರುಗಿಸುವುದೇ ಕಷ್ಟ. ಮಜ್ಜೆಯಲ್ಲಾದರೆ ಹಳೆಯ ಕೋಶಗಳನ್ನು ಔಷಧದಿಂದ ಬರಿದುಮಾಡಿ ಹೊಸವಕ್ಕೆ ಎಡೆಮಾಡಬಹುದು. ಉಸಿರಾಡುತ್ತಿರುವವನ ಶ್ವಾಸನಾಳವನ್ನು ಹಾಗೆ ಬರಿದುಮಾಡುವಂತಿಲ್ಲ. 2024ರಲ್ಲಿ ಟೆಕ್ಸಾಸಿನ ಡೇನಿಯಲ್ ಸೀಗ್ವಾರ್ಟರ ತಂಡ ಕೊಬ್ಬಿನ ಸೂಕ್ಷ್ಮಕಣಗಳನ್ನು ರಕ್ತದ ಮೂಲಕ ಕಳುಹಿಸಿ, ಕಫದ ಅಡ್ಡಿಯಿಲ್ಲದೆ, ಇಲಿಗಳ ಆಕರಕೋಶಗಳನ್ನು ಇದ್ದಲ್ಲಿಯೇ ತಿದ್ದಿತು. ತಿದ್ದುಪಡಿ 660 ದಿನಗಳವರೆಗೆ ಉಳಿಯಿತು; ಇಲಿಯ ಆಯುಸ್ಸೇ ಹೆಚ್ಚುಕಡಿಮೆ ಎರಡು ವರ್ಷ.