ಒಂದೇ ಕಡತ, ಎರಡು ನಡೆ: ಲಿನಕ್ಸ್ ಲೈಬ್ರರಿಗಳ ಆವೃತ್ತಿ ಸಂಘರ್ಷದ ಇತಿಹಾಸ

ಲಿನಕ್ಸ್‌ನಲ್ಲಿ ಹೊಸ ತಂತ್ರಾಂಶ ಹಾಕಿಕೊಳ್ಳಲು ಹೊರಟಾಗ ‘ಜಿಲಿಬ್‌ಸಿ 2.14 ಸಿಗಲಿಲ್ಲ’ ಎಂಬಂಥ ಸಂದೇಶ ಬಂದರೆ, ತಪ್ಪು ತಮ್ಮ ಹಳೆಯ ಯಂತ್ರದ್ದೆಂದೇ ಬಹುತೇಕರು ತಿಳಿಯುತ್ತಾರೆ. ಈ ತೊಡಕಿನ ಇತಿಹಾಸವನ್ನು ಕೆದಕಿದರೆ ಬೇರೆಯೇ ಚಿತ್ರ ಸಿಗುತ್ತದೆ. ಇಂಥ ಸಂಘರ್ಷಗಳಲ್ಲಿ ಎಷ್ಟೋ ಹುಟ್ಟಿದ್ದು ಹಳೆಯ ತಂತ್ರಾಂಶಗಳನ್ನು ಕಾಪಾಡಲು ಕೈಗೊಂಡ ಕ್ರಮಗಳಿಂದಲೇ.

ಹಲವು ತಂತ್ರಾಂಶಗಳಿಗೆ ಬೇಕಾದ ಸಂಕೇತವನ್ನು ಒಂದೇ ಕಡತದಲ್ಲಿಟ್ಟು ಎಲ್ಲರೂ ಹಂಚಿಕೊಂಡರೆ ಮೆಮೊರಿಯೂ ಡಿಸ್ಕೂ ಉಳಿಯುತ್ತವೆ; ಇಂಥ ಕಡತವೇ ಲೈಬ್ರರಿ. 1988ರ ಸನ್‌ಓಎಸ್ 4.0 ಈ ಪದ್ಧತಿಯನ್ನು ಯುನಿಕ್ಸ್ ಲೋಕದಲ್ಲಿ ನೆಲೆಗೊಳಿಸಿತು. ಲಿನಕ್ಸ್‌ನ ಮೊದಲ ವರ್ಷಗಳಲ್ಲಿ ಪ್ರತಿ ಲೈಬ್ರರಿಗೂ ಮೆಮೊರಿಯಲ್ಲಿ ನಿಗದಿತ ವಿಳಾಸ ಕೊಡಬೇಕಿತ್ತು. ಎಲ್ಫ್ ಎಂಬ ಕಡತ ಮಾದರಿ ಬಂದಮೇಲೆ ಆ ಕಟ್ಟು ಸಡಿಲಿತು. ಆದರೆ ಯಾವ ತಂತ್ರಾಂಶಕ್ಕೆ ಲೈಬ್ರರಿಯ ಯಾವ ಆವೃತ್ತಿ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದರ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1997–98ರಲ್ಲಿ. ಗ್ನೂ ಸಿ ಲೈಬ್ರರಿಯಿಂದ (ಅದೇ ಜಿಲಿಬ್‌ಸಿ) ಹಿಂದೆ ಕವಲೊಡೆದಿದ್ದ ಲಿಬ್‌ಸಿ5 ಅನ್ನು ಲಿನಕ್ಸ್ ವಿತರಣೆಗಳು ಕೈಬಿಟ್ಟು, ಮೂಲ ಲೈಬ್ರರಿಯ 2.0ಕ್ಕೆ, ಅಂದರೆ ಲಿಬ್‌ಸಿ6ಕ್ಕೆ ಹೊರಳಿದವು. ರೆಡ್ ಹ್ಯಾಟ್ 5.0 ಮೊದಲು ಹೊರಳಿತು, ಡೆಬಿಯನ್ 2.0 ಹಿಂಬಾಲಿಸಿತು. ಹೊಸ ಲಿಬ್‌ಸಿಗೆ ಕಟ್ಟಿದ ತಂತ್ರಾಂಶ ಹಳೆಯದಕ್ಕೆ ಕಟ್ಟಿದ ಲೈಬ್ರರಿಯನ್ನು ಎಳೆದುಕೊಂಡರೆ ಒಂದೇ ಪ್ರಕ್ರಿಯೆಯೊಳಗೆ ಎರಡು ಲಿಬ್‌ಸಿಗಳು ಸೇರಿ ಎಲ್ಲ ಕುಸಿಯುತ್ತಿತ್ತು. ಹಾಗಾಗಿ ಡೆಬಿಯನ್‌ನವರು ಹೊಸದಕ್ಕೆ ಕಟ್ಟಿದ ಲೈಬ್ರರಿ ಪ್ಯಾಕೇಜುಗಳ ಹೆಸರಿನ ಕೊನೆಗೆ ‘ಜಿ’ ಅಂಟಿಸಿದರು. ಡೆಬಿಯನ್ ಮತ್ತು ಉಬುಂಟುಗಳ ‘ಝಡ್‌ಲಿಬ್1ಜಿ’ ಪ್ಯಾಕೇಜಿನ ಬಾಲ ಅದೇ. ದಶಕಗಳು ಕಳೆದರೂ ಅದನ್ನು ಕತ್ತರಿಸುವ ಧೈರ್ಯ ಯಾರಿಗೂ ಬಂದಿಲ್ಲ!

ಇನ್ನೊಮ್ಮೆ ಇಂಥ ಹೊರಳು ಬೇಡವೆಂದು 1999ರ ಜಿಲಿಬ್‌ಸಿ 2.1, ಸೊಲಾರಿಸ್‌ನಲ್ಲಿ ಆಗಲೇ ಇದ್ದ ಉಪಾಯವೊಂದನ್ನು ತಂದುಕೊಂಡಿತು: ಇಡೀ ಕಡತಕ್ಕಲ್ಲ, ಒಳಗಿನ ಒಂದೊಂದು ಫಂಕ್ಷನ್‌ಗೂ ಆವೃತ್ತಿಯ ಚೀಟಿ. ಒಂದೇ ಫಂಕ್ಷನ್ನಿನ ಹಳೆಯ ನಡೆ, ಹೊಸ ನಡೆ ಎರಡೂ ಒಂದೇ ಕಡತದಲ್ಲಿರಬಹುದು. ತಂತ್ರಾಂಶ ತಾನು ಕಟ್ಟಲ್ಪಟ್ಟ ಕಾಲದ್ದನ್ನೇ ಪಡೆಯುತ್ತದೆ. ತನ್ನ ಲೈಬ್ರರಿಗಳಾದ ಡಿಎಲ್‌ಎಲ್ ಕಡತಗಳನ್ನು ಒಂದರ ಮೇಲೊಂದು ಬರೆದು ಹಾಳುಗೆಡವುತ್ತಿದ್ದ ವಿಂಡೋಸ್ 2001ರ ಎಕ್ಸ್‌ಪಿಯಲ್ಲಿ ಬೇರೆ ಬೇರೆ ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಡುವ ದಾರಿ ಹಿಡಿಯಿತು. ನನ್ನ ಮಟ್ಟಿಗೆ ಜಿಲಿಬ್‌ಸಿಯ ಉಪಾಯವೇ ಹೆಚ್ಚು ಸೂಕ್ಷ್ಮವಾದುದು. ಅದರ ಬಲವೂ ದೌರ್ಬಲ್ಯವೂ ಒಟ್ಟಿಗೆ ಬಯಲಾದದ್ದು ಮೆಮ್‌ಕಾಪಿ ಪ್ರಕರಣದಲ್ಲಿ.

2010ರಲ್ಲಿ 64-ಬಿಟ್ ಫೆಡೋರಾ 14 ಬಳಸುವವರಿಗೆ ಫ್ಲ್ಯಾಶ್ ವಿಡಿಯೊಗಳ ಧ್ವನಿ ಒಡೆದು ಕೇಳತೊಡಗಿತು. ಮೆಮೊರಿಯ ಒಂದು ಭಾಗವನ್ನು ಇನ್ನೊಂದೆಡೆಗೆ ನಕಲಿಸುವ ಮೆಮ್‌ಕಾಪಿ ಫಂಕ್ಷನ್ ವೇಗಕ್ಕಾಗಿ ಕೆಲವು ಪ್ರೊಸೆಸರ್‌ಗಳಲ್ಲಿ ಹಿಂದಿನಿಂದ ಮುಂದಕ್ಕೆ ನಕಲಿಸಲು ಶುರುಮಾಡಿತ್ತು. ಎರಡು ಭಾಗಗಳು ಒಂದರ ಮೇಲೊಂದು ಚಾಚಿದ್ದರೆ ಮೆಮ್‌ಕಾಪಿ ಬಳಸಬಾರದು, ಮೆಮ್‌ಮೂವ್ ಬಳಸಬೇಕು ಎಂಬುದು ಸಿ ಭಾಷೆಯ ನಿಯಮ. ಫ್ಲ್ಯಾಶ್ ಆ ನಿಯಮ ಮುರಿದಿತ್ತು. ಹಳೆಯ ಮೆಮ್‌ಕಾಪಿಯಲ್ಲಿ ಅದೃಷ್ಟವಶಾತ್ ಕೆಲಸ ನಡೆದುಹೋಗುತ್ತಿತ್ತು. ತಪ್ಪು ಫ್ಲ್ಯಾಶ್‌ನದೇ ಎಂದು ಒಂದು ಪಕ್ಷ ವಾದಿಸಿತು. ನಿನ್ನೆ ನಡೆಯುತ್ತಿದ್ದದ್ದು ಇಂದು ನಿಂತರೆ ಬಳಕೆದಾರನಿಗೆ ನಿಯಮ ಕಟ್ಟಿಕೊಂಡು ಏನಾಗಬೇಕು ಎಂಬ ನಿಲುವು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರದು.

2011ರ ಜಿಲಿಬ್‌ಸಿ 2.14 ರಾಜಿ ಮಾಡಿಸಿತು. ಹಳೆಯ ತಂತ್ರಾಂಶಗಳು 2.2.5ರ ಚೀಟಿಯ ಮೆಮ್‌ಕಾಪಿ ಕೇಳಿದರೆ ಅವಕ್ಕೆ ಮೆಮ್‌ಮೂವ್‌ನ ಸುರಕ್ಷಿತ ನಡೆ, ಹೊಸದಾಗಿ ಕಟ್ಟಿದವಕ್ಕೆ 2.14ರ ಚೀಟಿಯ ವೇಗದ ನಡೆ. ಫ್ಲ್ಯಾಶ್ ಬದುಕಿತು, ತೊಂದರೆ ಮಾತ್ರ ದಿಕ್ಕು ಬದಲಿಸಿತು. ಹೊಸ ವಿತರಣೆಯಲ್ಲಿ ಕಟ್ಟಿದ ತಂತ್ರಾಂಶ 2.12 ಇದ್ದ ಸೆಂಟ್‌ಓಎಸ್ 6ರಲ್ಲಾಗಲಿ 2.13 ಇದ್ದ ಡೆಬಿಯನ್ 7ರಲ್ಲಾಗಲಿ ತೆರೆಯಲೇ ಇಲ್ಲ. ಅಂಥ ತಂತ್ರಾಂಶವನ್ನು ಆಬ್ಜ್‌ಡಂಪ್ ಎಂಬ ಸಾಧನದಿಂದ ಬಿಡಿಸಿ ನೋಡಿದರೆ ಎಷ್ಟೋ ಸಲ ಮಿಕ್ಕೆಲ್ಲ ಫಂಕ್ಷನ್‌ಗಳು ಹಳೆಯ ಚೀಟಿಯವೇ, 2.14 ಕೇಳುತ್ತಿದ್ದದ್ದು ಮೆಮ್‌ಕಾಪಿ ಒಂದೇ. ಹಳೆಯ ಕಡತಕ್ಕೆ ಹೊಸ ಹೆಸರಿನ ಸಿಮ್‌ಲಿಂಕ್ ಕೊಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಚೀಟಿ ಇರುವುದು ಒಳಗೆ. ಬೇರೆ ವಿತರಣೆಯ ಲಿಬ್‌ಸಿಯನ್ನು ತಂದು ಮೇಲೆ ಬರೆದರೆ ‘ಎಲ್‌ಎಸ್’ ಆಜ್ಞೆಯೂ ಸೇರಿ ಯಂತ್ರವೇ ಮಲಗಬಹುದು.

ಇದರಿಂದ ತಯಾರಕರು ಕಲಿತ ಉಪಾಯ, ಸಾಧ್ಯವಾದಷ್ಟು ಹಳೆಯ ವಿತರಣೆಯಲ್ಲಿ ಕಟ್ಟುವುದು. ಪೈಥಾನ್ ಬಳಗ 2016ರಲ್ಲಿ, ಹಲವು ವಿತರಣೆಗಳಲ್ಲಿ ನಡೆಯಬೇಕಾದ ಪ್ಯಾಕೇಜುಗಳ ಮೆನಿಲಿನಕ್ಸ್1 ಮಾನದಂಡಕ್ಕೆ ಸೆಂಟ್‌ಓಎಸ್ 5 ಅನ್ನು ಆಧಾರವಾಗಿಟ್ಟುಕೊಂಡದ್ದು ಇದಕ್ಕೇ. ಇನ್ನು ಕೆಲವರು ಲೈಬ್ರರಿಗಳನ್ನು ತಮ್ಮೊಂದಿಗೇ ಹೊತ್ತು ತಂದರು. ಆಟಗಳ ಮಳಿಗೆ ಸ್ಟೀಮ್ ತನ್ನ ಆಟಗಳಿಗೆಂದು ಉಬುಂಟು 12.04ರ ಲೈಬ್ರರಿಗಳ ಗಂಟನ್ನೇ ಕೊಟ್ಟಿತು. ಆ ಗಂಟಿನ ಹಳೆಯ ಸಿ++ ಲೈಬ್ರರಿ ಮೊದಲು ಮೆಮೊರಿಗೆ ಬಂದುಬಿಟ್ಟರೆ, ಹೊಸ ಸಿ++ ಲೈಬ್ರರಿ ಬೇಕೆನ್ನುವ ಯಂತ್ರದ ಗ್ರಾಫಿಕ್ಸ್ ಡ್ರೈವರ್ ತೆರೆಯುತ್ತಿರಲಿಲ್ಲ. ಗಂಟಿನಿಂದ ಆ ಒಂದು ಕಡತವನ್ನು ಅಳಿಸಿದರೆ ಎಷ್ಟೋ ಜನರ ಆಟ ಶುರುವಾಗುತ್ತಿತ್ತು. ತಂತ್ರಾಂಶಗಳನ್ನು ಲೈಬ್ರರಿಗಳ ಸಮೇತ ಹಂಚುವ ಫ್ಲ್ಯಾಟ್‌ಪ್ಯಾಕ್ ವ್ಯವಸ್ಥೆ ಇಂಥ ಗಂಟನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿತು. ಆದರೂ ಎನ್‌ವಿಡಿಯಾ ಕಾರ್ಡ್ ಇದ್ದಲ್ಲಿ ಅದು ಹೊರಗಿನ ಕರ್ನಲ್ ಮಾಡ್ಯೂಲಿನ ಆವೃತ್ತಿಯನ್ನು ನೋಡಿಕೊಂಡು, ಅಂಕಿ ಅಂಕಿಗೂ ಹೊಂದುವ ಡ್ರೈವರ್ ಲೈಬ್ರರಿಯನ್ನು ಬೇರೆಯಾಗಿ ಇಳಿಸಿಕೊಳ್ಳಲೇಬೇಕು.