ಊರಿನ ಬೆಂಕಿ, ಊರಿನ ನೀರು

ನಮ್ಮ ಕಾವ್ಯಗಳಲ್ಲಿ ಬೆಂಕಿ ಹಚ್ಚಿದವರಿಗೆ ದೊರೆತಿರುವ ಕೀರ್ತಿ ಆರಿಸಿದವರಿಗೆ ದೊರೆತಿಲ್ಲ. ಖಾಂಡವವನವನ್ನು ಅಗ್ನಿಗೆ ಉಣಬಡಿಸಿದ ಕೃಷ್ಣಾರ್ಜುನರ ಪರಾಕ್ರಮವನ್ನು ಪಂಪನೂ ವರ್ಣಿಸಿದ್ದಾನೆ, ಕುಮಾರವ್ಯಾಸನೂ ವರ್ಣಿಸಿದ್ದಾನೆ. ಉರಿಯುವ ಕಾಡಿನ ಮೇಲೆ ಮಳೆ ಸುರಿಸಹೊರಟ ಇಂದ್ರನು ಅಲ್ಲಿ ಪ್ರತಿಪಕ್ಷದವನು. ಲಂಕಾದಹನದ ಕಥೆ ಕೇಳಿ ತಲೆದೂಗುವ ನಾವು, ಆಗ ಲಂಕೆಯಲ್ಲಿ ಕೊಡ ಹಿಡಿದು ಓಡಿದವರು ಯಾರು, ಅವರಿಗೆ ಹೀಗೆ ಮಾಡಿ ಹಾಗೆ ಮಾಡಿ ಎಂದು ಅಪ್ಪಣೆ ಕೊಟ್ಟವನು ಯಾರು ಎಂದು ಕೇಳಿದವರಲ್ಲ. ತರಗತಿಯಲ್ಲಿ ಈ ಭಾಗಗಳನ್ನು ಪಾಠ ಹೇಳುವಾಗ ನನಗೆ ಈ ಪ್ರಶ್ನೆ ಹುಟ್ಟುವುದುಂಟು. ಕಾವ್ಯದಲ್ಲಿ ಉತ್ತರ ಸಿಕ್ಕದ್ದರಿಂದ ನಮ್ಮ ಮೈಸೂರಿನ ಚರಿತ್ರೆಯಲ್ಲಿ ಹುಡುಕಹೊರಟೆ.

ಮೈಸೂರಿನಲ್ಲಿ ಬೆಂಕಿ ಎಂದರೆ ಮೊದಲು ನೆನಪಾಗುವುದು ಅರಮನೆ. 1799ರಲ್ಲಿ ಒಡೆಯರಿಗೆ ರಾಜ್ಯ ಮರಳಿ ದೊರೆತ ಮೇಲೆ, ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಎದ್ದ ಆ ಹಳೆಯ ಅರಮನೆ ಬಹುಮಟ್ಟಿಗೆ ಮರದ ಕೆಲಸ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂಭ್ರಮದಲ್ಲಿಯೇ ಅದಕ್ಕೆ ಬೆಂಕಿ ಬಿದ್ದಿತು. ಮದುವೆಯ ಮನೆಯಲ್ಲಿ ಕೈಗಳಿಗೇನು ಬರಗಾಲ? ಆದರೂ ಅರಮನೆ ಉಳಿಯಲಿಲ್ಲ. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ಶಿಲ್ಪಿಗೆ ಒಪ್ಪಿಸಿದರು. 1912ರಲ್ಲಿ ಸುಮಾರು 41 ಲಕ್ಷ ರೂಪಾಯಿಗಳ ವೆಚ್ಚದಲ್ಲಿ ಅದು ಮುಗಿಯಿತು. ಇಂದು ಅಲ್ಲಿಯ ಕಲ್ಯಾಣಮಂಟಪವನ್ನು ನೋಡಹೋದವರು ಬಣ್ಣದ ಗಾಜನ್ನು ನೋಡುತ್ತ ಕತ್ತೆತ್ತಿ ನಿಲ್ಲುತ್ತಾರೆ. ಒಂದು ಸಲ ಕಂಬಗಳನ್ನೂ ಗಮನಿಸಬೇಕು. ಅವು ಗ್ಲಾಸ್ಗೊ ನಗರದಿಂದ ಬಂದ ಎರಕದ ಕಬ್ಬಿಣದವು. ಮದುವೆಯ ಕಾಲದಲ್ಲಿ ಮರದ ಮನೆಯನ್ನು ಕಳೆದುಕೊಂಡವರು ಮದುವೆಯ ಮಂಟಪಕ್ಕೆ ಕಬ್ಬಿಣದ ಕಂಬ ನಿಲ್ಲಿಸಿದರು.

ಇದು ಅರಮನೆ ಬೆಂಕಿಗೆ ಕೊಟ್ಟ ಉತ್ತರ: ಕಲ್ಲು, ಇಟ್ಟಿಗೆ, ಕಬ್ಬಿಣ. ಆದರೆ ಅರಮನೆಯಿಂದ ನಾಲ್ಕು ಹರಿದಾರಿ ದೂರದ ಹಳ್ಳಿಗೆ ಈ ಉತ್ತರ ಒದಗುವಂತಿರಲಿಲ್ಲ. ಅಲ್ಲಿ ಸೂರು ಹುಲ್ಲಿನದು, ಗರಿಯದು; ಬಣವೆ ಹುಲ್ಲಿನದು. ಹಳ್ಳಿಗೆ ಉಳಿದಿದ್ದ ಉಪಾಯವೊಂದೇ—ಮನುಷ್ಯ. ತೋಟಿ ತಮಟೆ ಬಡಿಯಬೇಕು, ಗೌಡ ನಿಂತು ಅಪ್ಪಣೆ ಕೊಡಬೇಕು, ಗಾಳಿ ಬೀಸುವ ದಿಕ್ಕಿನ ಮನೆಯ ಸೂರನ್ನು ಉರಿ ತಾಗುವ ಮೊದಲೇ ಕಿತ್ತೆಸೆಯಬೇಕು. ಈ ಕೊನೆಯ ಕೆಲಸವೇ ಕಷ್ಟದ್ದೆಂದು ನಮ್ಮೂರಿನ ಹಿರಿಯರು ಹೇಳುತ್ತಿದ್ದರು. ಉರಿಯುವ ಮನೆಗೆ ನೀರೆರೆಯುವುದಕ್ಕೆ ಎಲ್ಲರೂ ಬರುತ್ತಾರೆ; ಉರಿಯದಿರುವ ಮನೆಯನ್ನು ಕೆಡವಿ ಎನ್ನುವುದಕ್ಕೆ ಎದೆ ಬೇಕು, ಹೇಳಿದರೆ ನಡೆಯುವಂಥ ಮಾತು ಬೇಕು.

ಗೌಡನ ಮಾತಿಗೂ ಒಂದು ಮೇರೆಯಿತ್ತು. ನೀರು ಊರಿನದಾದರೂ ಬಾವಿ ಎಲ್ಲರದಾಗಿರಲಿಲ್ಲ. ಮೇಲಿನ ಕೇರಿಗೆ ಬೆಂಕಿ ಬಿದ್ದರೆ ಊರೆಲ್ಲ ಓಡಿಬರುತ್ತಿತ್ತು. ದಲಿತರ ಕೇರಿಗೆ ಬಿದ್ದರೆ, ಹತ್ತಿರದ ಬಾವಿಯ ಹಗ್ಗಕ್ಕೆ ಯಾರ ಕೈ ತಾಗಬಹುದು ಎಂಬ ಲೆಕ್ಕ ಅಡ್ಡ ಬರುತ್ತಿತ್ತು. ಬೆಂಕಿಗೆ ಈ ಲೆಕ್ಕ ತಿಳಿಯದು. ಮನುಷ್ಯ ಲೆಕ್ಕ ಹಾಕುತ್ತಿರುವಷ್ಟು ಹೊತ್ತು ಅದು ಉರಿಯುತ್ತಲೇ ಇರುತ್ತದೆ.

ಆದುದರಿಂದಲೇ 1964ರ ಮೈಸೂರು ಅಗ್ನಿಶಾಮಕ ದಳ ಕಾಯಿದೆಯನ್ನು ನಾನು ಕುತೂಹಲದಿಂದ ಓದಿದೆ. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಅದು ಕರ್ನಾಟಕದ ಕಾಯಿದೆಯೆನಿಸಿತು. ಕಾಯಿದೆಯ ಭಾಷೆ ಶುಷ್ಕವೆಂಬುದು ಸರಿ. ಆದರೆ ಬೆಂಕಿಯ ಸ್ಥಳದಲ್ಲಿ ದಳದವರಿಗೆ ಅದು ಕೊಡುವ ಅಧಿಕಾರಗಳನ್ನು ನೋಡಿ: ಅಡ್ಡಿಯಾದವರನ್ನು ಹೊರಗೆ ಕಳುಹಿಸಬಹುದು, ಬೀದಿಯನ್ನು ಮುಚ್ಚಬಹುದು, ಆದಷ್ಟು ಕಡಿಮೆ ಹಾನಿಯಾಗುವಂತೆ ಕಟ್ಟಡವನ್ನು ಒಡೆದು ಒಳಹೋಗಬಹುದು, ಕೆಡವಲೂಬಹುದು. ಹೊಳೆ, ತೊಟ್ಟಿ, ಬಾವಿ, ಕೆರೆ—ಸಾರ್ವಜನಿಕವಾದದ್ದಾಗಲಿ ಖಾಸಗಿಯದಾಗಲಿ—ಯಾವುದರ ನೀರನ್ನಾದರೂ ಬಳಸಬಹುದು. ಬರೆದವರು ಜಾತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತಲ್ಲವಿದು. ಆದರೂ ಹಳ್ಳಿಯನ್ನು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ಯಾರ ಬಾವಿಯ ಬಳಿಯಾದರೂ ನಿಂತು, ಯಾರ ಮನೆಗಾಗಿಯಾದರೂ ನೀರು ಸೇದಿಸುವ ಹಕ್ಕು, ಗೌಡನ ಹುಟ್ಟಿಗಲ್ಲದೆ ಖಾಕಿ ತೊಟ್ಟ ಒಬ್ಬ ಸಂಬಳದ ನೌಕರನ ಕರ್ತವ್ಯಕ್ಕೆ ಅಂಟಿಕೊಂಡಿತು.

ಈ ಹಕ್ಕನ್ನು ಹೊತ್ತಿರುವವನ ದಂಡು ಎಷ್ಟು ದೊಡ್ಡದು? ಹುಣಸೂರಿನಂಥ ತಾಲ್ಲೂಕು ಠಾಣೆಯನ್ನು ನೋಡಿದವರಿಗೆ ಗೊತ್ತು. ಒಬ್ಬ ಠಾಣಾಧಿಕಾರಿ, ಅವನ ಕೈಕೆಳಗೆ ಪ್ರಮುಖ ಅಗ್ನಿಶಾಮಕರು, ಚಾಲಕರು, ಅಗ್ನಿಶಾಮಕರು. ಗಂಟೆ ಹೊಡೆದಾಗ ಬಂಡಿ ಏರುವವರು ಐದಾರು ಮಂದಿ. ಸಾಮಾನ್ಯವಾಗಿ ಒಂದು ಬಂಡಿ ಹೊರುವ ನೀರು ಸುಮಾರು 4,500 ಲೀಟರ್. ಪಂಪು ಪೂರ್ತಿ ತಿರುಗಿದರೆ ಕೆಲವು ನಿಮಿಷಗಳ ಮಾತು. ಎದುರಿಗಿರುವ ಬೆಂಕಿಯಾದರೂ ಎಂಥದು? ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳುಂಟು. ಎತ್ತರದ ಆ ಕೋಣೆಯಲ್ಲಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ತೂಗುಹಾಕಿ, ಕೆಳಗೆ ಕಬ್ಬಿಣದ ಕೊಳವೆಗಳಲ್ಲಿ ಒಲೆಯ ಕಾವು ಹಾಯಿಸುತ್ತಾರೆ. ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ರೈತನ ವರ್ಷದ ದುಡಿಮೆ ಬೂದಿ. ಸುಗ್ಗಿಯಲ್ಲಿ ಹುಲ್ಲಿನ ಲಾರಿ ವಿದ್ಯುತ್ ತಂತಿಗೆ ತಗಲುತ್ತದೆ. ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುರುಳಿ ಗಿಡ ಕಾರಿನ ಚಕ್ರಕ್ಕೆ ಸುತ್ತಿಕೊಂಡು ಹೊತ್ತುತ್ತದೆ. ಬಂಡಿ ಬರುವ ಹೊತ್ತಿಗೆ ಜನ ನೆರೆದಿರುತ್ತಾರೆ. ತಡವಾಯಿತೆಂಬ ಬೈಗುಳವೂ ಕಾದಿರುತ್ತದೆ. ಅಧಿಕಾರಿ ಬೈಗುಳ ನುಂಗಿಕೊಂಡು ಗಾಳಿಯ ದಿಕ್ಕು ನೋಡಬೇಕು. ಯಾವುದು ಹೋಯಿತು, ಯಾವುದನ್ನು ಉಳಿಸಬಹುದು ಎಂದು ನಿಶ್ಚಯಿಸಬೇಕು. ತನ್ನ ಹುಡುಗರಲ್ಲಿ ಯಾರನ್ನು ಒಳಗೆ ಕಳುಹಿಸಬೇಕು, ಯಾರನ್ನು ಕಳುಹಿಸಬಾರದು ಎಂಬುದನ್ನೂ ಅವನೇ ಹೇಳಬೇಕು. ಹಳೆಯ ಗೌಡನಿಗೆ ಬೇಕಾಗಿದ್ದ ಎದೆಯೇ ಇವನಿಗೂ ಬೇಕು.

ಆದರೆ ಈ ಅಧಿಕಾರವೆಲ್ಲ ಬೆಂಕಿ ಬಿದ್ದ ಮೇಲಿನದು. ಅದಕ್ಕೆ ಮೊದಲು ಆಡುವ ಮಾತನ್ನು ಕೇಳುವವರಾರು? ಅಪಾಯವುಳ್ಳ ಸ್ಥಳಗಳ ಯಜಮಾನರು ಮುನ್ನೆಚ್ಚರಿಕೆ ವಹಿಸಬೇಕೆಂದು ಸರಕಾರ ವಿಧಿಸಬಹುದು ಎಂಬ ಮಾತು ಅದೇ ಕಾಯಿದೆಯಲ್ಲಿದೆ. ಆ ಕಾಯಿದೆಗೆ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹತ್ತಿ 62 ಮಂದಿ ಸತ್ತರು. ಸಡಿಲವಾದ ವಿದ್ಯುತ್ ತಂತಿ, ಗಾಳಿಯಾಡದ ಕಟ್ಟಡ, ಒಳಗೆಲ್ಲ ಗೋಣಿತಟ್ಟು ಎಂಬ ಕಾರಣಗಳು ಆಮೇಲೆ ಕೇಳಿಬಂದವು. ಆಗ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಮನೆಯಲ್ಲಿ ಹಿರಿಯರು ಪತ್ರಿಕೆ ಮಡಿಸಿಟ್ಟು ಮಾತಿಲ್ಲದೆ ಕುಳಿತದ್ದು ನೆನಪಿದೆ. ಮರದ ಅರಮನೆಯಿಂದ ಕಲಿತ ಪಾಠವನ್ನು ಅದೇ ಊರು ತೊಂಬತ್ತೆರಡು ವರ್ಷಗಳಲ್ಲಿ ಮರೆತಿದ್ದಿತು. ಅಂಥ ಹೊತ್ತಿನಲ್ಲಿ ಎಂಥ ಸಮರ್ಥ ನಾಯಕ ಬಂದರೂ ಅವನಿಗೆ ಉಳಿಯುವ ಕೆಲಸ ಹೆಣಗಳನ್ನು ಹೊರಗೆ ತರುವುದು.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು 66 ಅಗ್ನಿಶಾಮಕರು ಮಡಿದರು. ಅವರ ನೆನಪಿಗಾಗಿ ಪ್ರತಿ ವರ್ಷ ಅಂದಿನಿಂದ ಒಂದು ವಾರ ದೇಶದ ಠಾಣೆಗಳಲ್ಲಿ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಸಣ್ಣ ಊರಿನ ಠಾಣಾಧಿಕಾರಿಯೂ ಶಾಲೆಗೆ, ಸಂತೆಗೆ, ಕಾರ್ಖಾನೆಗೆ ಹೋಗಿ, ಹೊರಬಾಗಿಲಿಗೆ ಸಾಮಾನು ಅಡ್ಡ ಇಡಬೇಡಿ, ಬಣವೆಯನ್ನು ತಂತಿಯ ಕೆಳಗೆ ಒಟ್ಟಬೇಡಿ ಎಂದು ಹೇಳುತ್ತಾನೆ. ಮಕ್ಕಳು ನೀರಿನ ಚಿಲುಮೆ ನೋಡಿ ಚಪ್ಪಾಳೆ ತಟ್ಟುತ್ತಾರೆ. ದೊಡ್ಡವರಾದ ನಾವು ಗಡಿಯಾರ ನೋಡಿಕೊಳ್ಳುತ್ತೇವೆ. ಮುಂದಿನ ಏಪ್ರಿಲ್ಲಿನಲ್ಲಿ ಆತ ನಮ್ಮ ಬೀದಿಗೆ ಬಂದಾಗ ಅರ್ಧ ಗಂಟೆ ನಿಂತು ಕೇಳಿ, ಮನೆಗೆ ಹೋಗಿ ನಮ್ಮ ಹಿತ್ತಲ ಬಾಗಿಲು ತೆರೆಯುತ್ತದೆಯೇ ಎಂದು ನೋಡುವುದು ಮೇಲು.