ಬೆಳಕಿನ ಬಾಕಿ

“ಬೆಳಗಾಯ್ತೇನೇ?”

ದಿನವೂ ಎಂಟು ಗಂಟೆಗೆ ನಮ್ಮತ್ತೆ ತಮ್ಮ ಕೋಣೆಯಿಂದ ಕೇಳುತ್ತಿದ್ದರು. “ಎಂಟಾಯ್ತಲ್ಲ ಅತ್ತೆ” ಎನ್ನುತ್ತ ನಾನು ಹೋಗಿ ಟ್ಯೂಬ್‌ಲೈಟ್ ಹಾಕುತ್ತಿದ್ದೆ. ಪಾಪ, ವಯಸ್ಸಾದ ಕಣ್ಣು ಎಂದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಕರೆಂಟು ಹೋಯಿತು. ಆ ಕೋಣೆಯಲ್ಲಿ ನನಗೂ ಏನೂ ಕಾಣಲಿಲ್ಲ. ತಪ್ಪು ಕಣ್ಣಿನದಲ್ಲ, ನನ್ನದು.

ಮಲ್ಲೇಶ್ವರದ ಈ ಎರಡನೇ ಮಹಡಿಯ ಫ್ಲಾಟಿಗೆ ಬಂದ ವರ್ಷವೇ ಬಾಲ್ಕನಿಯನ್ನು ಹಲಗೆ ಹೊಡೆಸಿ ಮುಚ್ಚಿಸಿದವಳು ನಾನು. ಧೂಳು, ಪಾರಿವಾಳ, ಎದುರು ಮನೆಯವರ ಕಣ್ಣು ಎಂದೆಲ್ಲ ಕಾರಣ ಹೇಳಿದ್ದೆ. ಹಳೆಯ ಟ್ರಂಕುಗಳಿಗೆ ಜಾಗವಾಯಿತು. ಅತ್ತೆಯ ಕೋಣೆಯ ಒಂದೇ ಕಿಟಕಿ ಆ ಬಾಲ್ಕನಿಗೇ ತೆರೆಯುತ್ತಿತ್ತು ಎಂಬುದನ್ನು ನಾನು ಯೋಚಿಸಲೇ ಇಲ್ಲ.

ನಾಚಿಕೆಯೆಂದರೆ, ಇಂಥ ಬಡಾವಣೆಗಳು ಬೆಳೆದದ್ದೇ ಗಾಳಿ ಬೆಳಕಿಗಾಗಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸತ್ತರು. ಎಷ್ಟೋ ಮಂದಿ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಆಮೇಲೆ ಬಸವನಗುಡಿ, ಮಲ್ಲೇಶ್ವರಗಳು ತುಂಬತೊಡಗಿದವು. ನೇರವಾದ ಅಗಲ ರಸ್ತೆ, ಮನೆಗೂ ಮನೆಗೂ ನಡುವೆ ಜಾಗ, ಹಿತ್ತಿಲಾಚೆ ಜಾಡಮಾಲಿಗಳು ಓಡಾಡುವ ಓಣಿ. ಕತ್ತಲೆ, ತೇವಗಳೇ ರೋಗದ ತವರೆಂದು ಆಗ ಅನೇಕರ ನಂಬಿಕೆ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪಾಲ್ ಲೂಯಿ ಸಿಮೊಂಡ್ ಅದೇ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡರೂ ಲೋಕ ಒಪ್ಪಲು ವರ್ಷಗಳೇ ಹಿಡಿದವು. ಕಾರಣ ತಪ್ಪಿದ್ದರೂ ಕಟ್ಟಿದ ಮನೆಗಳು ಒಳ್ಳೆಯವೇ ಆದವು.

ಅತ್ತೆ ಬೆಳೆದದ್ದು ತೊಟ್ಟಿಮನೆಯಲ್ಲಿ. ಬೀದಿಯ ಕಡೆ ಕಿಟಕಿ ಕಡಿಮೆ. ನಡುವಿನ ತೆರೆದ ಅಂಗಳದಲ್ಲಿ ಬಿಸಿಲು, ಮಳೆ ಎರಡೂ ಒಳಗೇ. ಹೊಸಿಲು ದಾಟಲಾಗದ ಹೆಂಗಸರಿಗೂ ಅಷ್ಟು ಆಕಾಶವಿತ್ತು. “ಗಡಿಯಾರ ಯಾರಿಗೆ ಬೇಕಿತ್ತೇ? ಬಿಸಿಲು ಕಂಬದ ಬುಡಕ್ಕೆ ಬಂದರೆ ಅನ್ನಕ್ಕಿಡೋದು” ಎನ್ನುತ್ತಾರೆ. ಅಂಥವರಿಗೆ ನಾನು ಹಗಲನ್ನೇ ಇಲ್ಲದಂತೆ ಮಾಡಿದ್ದೆ.

ಇಂಜಿನಿಯರನ್ನು ಕರೆಸಿದೆವು. ಯಾವ ಗೋಡೆ ಭಾರ ಹೊತ್ತಿದೆ ಎಂದು ಮೊದಲು ನೋಡಿದರು. ಕಂಬ, ತೊಲೆಗಳನ್ನು ಮುಟ್ಟಲಿಲ್ಲ. ಹಲಗೆಗಳನ್ನು ಕಿತ್ತದ್ದಾಯಿತು. ಅತ್ತೆಯ ಕಿಟಕಿಯ ಕೆಳಗಿನ ಗೋಡೆಯನ್ನಷ್ಟೇ ತೆಗೆದು ಬಾಗಿಲಿಟ್ಟೆವು. ಅಡುಗೆಮನೆಯ ಅಡ್ಡಗೋಡೆ ಸೊಂಟದೆತ್ತರಕ್ಕೆ ಇಳಿಯಿತು. ನಡುಮನೆಯ ಬೆಳಕು ಒಲೆಯವರೆಗೂ ಬಂತು. ಗೋಡೆಗೆ ಬಿಳಿ ಬಣ್ಣ, ಪಾರಿವಾಳಕ್ಕೆ ಬಲೆ, ಬಾಲ್ಕನಿಗೊಂದು ತುಳಸಿ ಕುಂಡ. ಟ್ರಂಕುಗಳಲ್ಲಿದ್ದದ್ದರಲ್ಲಿ ಬೇಕಾದದ್ದು ಎರಡೇ ಸೀರೆ!

ಮರುದಿನ ಯಾರೋ ಭುಜ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಅತ್ತೆ, ಗೋಡೆ ಹಿಡಿದು ನಡೆದು ಬಂದಿದ್ದಾರೆ. ಗಂಟೆ ಆರೂವರೆ.

“ಏಳೇ, ಬೆಳಗಾಯ್ತು.”

ಧೂಳು ಈಗಲೂ ಬರುತ್ತದೆ. ದಿನಕ್ಕೆರಡು ಸಲ ಒರೆಸುತ್ತೇನೆ.